ಕಂಪ್ಯೂಟರಿಗೆ ನೆನಪು ಕೊಳ್ಳುವ ಮುನ್ನ

ಮನೆಯ ಕಂಪ್ಯೂಟರು ನಿಧಾನವಾಯಿತು ಎಂದ ಕೂಡಲೆ ನೆಂಟರು, ನೆರೆಯವರು, ರಿಪೇರಿ ಅಂಗಡಿಯವರು ಎಲ್ಲರೂ ಹೇಳುವುದು ಒಂದೇ ಮದ್ದು: “ರ‍್ಯಾಮ್ ಹಾಕಿಸಿಬಿಡಿ.” ಮದ್ದು ಒಳ್ಳೆಯದೇ. ಆದರೆ ರೋಗವನ್ನು ನೋಡದೆ ಕೊಟ್ಟ ಮದ್ದು ಎಷ್ಟು ಒಳ್ಳೆಯದಾದರೇನು? ಮೇಲಾಗಿ ಈ ಮದ್ದಿಗೆ ಬೆಲೆಯೂ ಉಂಟು. ರ‍್ಯಾಮ್ ಚಿಪ್‌ಗಳ ಬಹುಪಾಲನ್ನು ಪ್ರಪಂಚಕ್ಕೆಲ್ಲ ಮಾಡಿಕೊಡುವವರು ಮೂರೇ ಸಂಸ್ಥೆಗಳವರು: ಸ್ಯಾಮ್‌ಸಂಗ್, ಎಸ್.ಕೆ. ಹೈನಿಕ್ಸ್ ಮತ್ತು ಮೈಕ್ರಾನ್. ಕೃತಕ ಬುದ್ಧಿಮತ್ತೆಯ ಕೆಲಸಕ್ಕಾಗಿ ಕಟ್ಟುತ್ತಿರುವ ಭಾರಿ ಕಂಪ್ಯೂಟರ್ ಕೇಂದ್ರಗಳಿಗೆ ಇವರ ಸರಕು ಹರಿದುಹೋಗತೊಡಗಿ, 2025ರ ಕೊನೆಯ ತಿಂಗಳುಗಳಲ್ಲಿ ಮನೆಬಳಕೆಯ ರ‍್ಯಾಮಿನ ಬೆಲೆ ಕಂಡಾಬಟ್ಟೆ ಏರಿತು. ಮೈಕ್ರಾನ್ ಸಂಸ್ಥೆಯಂತೂ ‘ಕ್ರೂಷಿಯಲ್’ ಎಂಬ ಹೆಸರಿನ ತನ್ನ ಮನೆಬಳಕೆಯ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ವರ್ಷದ ಡಿಸೆಂಬರಿನಲ್ಲಿ ಸಾರಿತು. ಇಂಥ ಕಾಲದಲ್ಲಿ ಒಂದು ತಪ್ಪು ತುಂಡನ್ನು ಕೊಂಡು ತಂದರೆ ಮನೆಯ ತಿಂಗಳ ಲೆಕ್ಕದಲ್ಲಿ ಅದು ಎದ್ದು ಕಾಣುತ್ತದೆ. ಆದ್ದರಿಂದ ಹಣ ಬಿಚ್ಚುವ ಮುನ್ನ ಸ್ವಲ್ಪ ವಿಚಾರ ಮಾಡೋಣ.

ಮೊದಲು ‘ನೆನಪು’ ಎಂಬ ಮಾತನ್ನೇ ಬಿಡಿಸಿ ನೋಡಬೇಕು. ಕಂಪ್ಯೂಟರಿನಲ್ಲಿ ನೆನಪು ಎರಡು ಬಗೆ. ಮದುವೆಯ ಫೋಟೋಗಳು, ಮನೆಯ ಲೆಕ್ಕ, ಹುಡುಗರ ಪಾಠದ ಟಿಪ್ಪಣಿಗಳು, ಇವೆಲ್ಲ ಇರುವುದು ಡಿಸ್ಕಿನಲ್ಲಿ. ಕರೆಂಟು ಹೋದರೂ ಅದು ಮರೆಯುವುದಿಲ್ಲ. ರ‍್ಯಾಮ್ ಹಾಗಲ್ಲ. ಕೆಲಸ ನಡೆಯುತ್ತಿರುವಷ್ಟು ಹೊತ್ತು ಮಾತ್ರ ಅದು ನೆನಪಿಟ್ಟುಕೊಳ್ಳುತ್ತದೆ. ಯಂತ್ರ ಆರಿತೆಂದರೆ ಎಲ್ಲವನ್ನೂ ಮರೆಯುತ್ತದೆ. ಮನೆಗೆ ಹೋಲಿಸುವುದಾದರೆ ಡಿಸ್ಕು ಉಗ್ರಾಣ, ರ‍್ಯಾಮ್ ಅಡಿಗೆಮನೆಯ ಕಟ್ಟೆ. ಕಟ್ಟೆ ಅಗಲವಾಗಿದ್ದರೆ ಬೇಳೆ, ತರಕಾರಿ, ಮಸಾಲೆ ಡಬ್ಬಿ ಎಲ್ಲವನ್ನೂ ಕೈಗೆಟಕುವಂತೆ ಹರಡಿಕೊಂಡು ಅಡಿಗೆ ಸಾಗಿಸಬಹುದು. ಕಟ್ಟೆ ಚಿಕ್ಕದಾದರೆ? ಹೆಚ್ಚಿದ ಹುರುಳಿಕಾಯಿಯನ್ನು ಉಗ್ರಾಣದಲ್ಲಿಟ್ಟು ಬಂದು ಹಿಟ್ಟು ಕಲಸಬೇಕು, ಹಿಟ್ಟನ್ನು ಉಗ್ರಾಣಕ್ಕೆ ಸಾಗಿಸಿ ಹುರುಳಿಕಾಯಿಯನ್ನು ತರಬೇಕು. ಅಡಿಗೆಯವರು ಎಷ್ಟೇ ಚುರುಕಾದರೂ ಹೊತ್ತೆಲ್ಲ ಓಡಾಟಕ್ಕೇ ಆಯಿತು. ರ‍್ಯಾಮ್ ಸಾಲದ ಕಂಪ್ಯೂಟರು ಮಾಡುವುದು ಇದೇ ಓಡಾಟವನ್ನು.

ಈ ಓಡಾಟ ಎಷ್ಟು ದೂರದ್ದು ಎಂಬುದಕ್ಕೆ ಒಂದು ಅಂದಾಜು ಕೊಡುತ್ತೇನೆ. ರ‍್ಯಾಮಿನಿಂದ ಒಂದು ಸಂಗತಿಯನ್ನು ತರಲು ಒಂದು ಸೆಕೆಂಡು ಹಿಡಿಯುತ್ತದೆ ಎಂದು ಇಟ್ಟುಕೊಂಡರೆ, ಈಚಿನ ಎಸ್.ಎಸ್.ಡಿ. ಡಿಸ್ಕಿನಿಂದ ತರಲು ಸುಮಾರು ಕಾಲು ಗಂಟೆ ಬೇಕು. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕಾದರೆ ಒಂದು ದಿನಕ್ಕೂ ಮೇಲೆ! ನಿಜವಾದ ಕಾಲಮಾನ ಸೆಕೆಂಡಿನ ಅತಿ ಸಣ್ಣ ಭಾಗಗಳಲ್ಲಿದೆ. ಪ್ರಮಾಣ ಮಾತ್ರ ಇದೇ. ಉಗ್ರಾಣ ಹಿತ್ತಿಲಲ್ಲಿರುವುದಕ್ಕೂ ಪಕ್ಕದ ತಾಲ್ಲೂಕಿನಲ್ಲಿರುವುದಕ್ಕೂ ಇರುವಷ್ಟು ಅಂತರ ಎನ್ನಿ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ರ‍್ಯಾಮ್ ಏಕೆ ಮರೆಯುತ್ತದೆ ಎಂಬುದೂ ಸ್ವಾರಸ್ಯವಾಗಿದೆ. ಈಗ ನಾವು ಬಳಸುವ ಬಗೆಯ ನೆನಪಿನ ಕೋಶವನ್ನು ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಎಂಬ ವಿಜ್ಞಾನಿ 1966ರಲ್ಲಿ ಕಲ್ಪಿಸಿದ. 1968ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ವಿದ್ಯುತ್ತಿನ ಒಂದು ಪುಟ್ಟ ಕೊಡ, ಅದಕ್ಕೊಂದು ನಲ್ಲಿ, ಇಷ್ಟೇ ಅದರ ರಚನೆ. ಕೊಡ ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ಆದರೆ ಈ ಕೊಡ ಸೋರುತ್ತದೆ. ಆದ್ದರಿಂದ ಸೆಕೆಂಡಿಗೆ ಹದಿನೈದು ಸಲವಾದರೂ ಪ್ರತಿಯೊಂದು ಕೊಡವನ್ನೂ ನೋಡಿ ಮತ್ತೆ ತುಂಬುತ್ತಿರಬೇಕು. 1970ರಲ್ಲಿ ಇಂಟೆಲ್ ಸಂಸ್ಥೆ ಮಾರಾಟಕ್ಕೆ ತಂದ 1103 ಎಂಬ ಚಿಪ್ಪಿನಲ್ಲಿ ಇಂಥ ಕೊಡಗಳು 1,024 ಇದ್ದುವು. ಇಂದಿನ 8 ಗಿಗಾಬೈಟಿನ ಒಂದು ತುಂಡಿನಲ್ಲಿರುವುದು 6,871 ಕೋಟಿ. ಬೆರಳುದ್ದದ ಹಲಗೆಯ ಮೇಲೆ ಇಷ್ಟು ಸೋರುವ ಕೊಡಗಳನ್ನು ಎಡೆಬಿಡದೆ ತುಂಬುತ್ತಿರುವ ಈ ಸಾಹಸವನ್ನು ನೆನೆದರೆ ಅಂಗಡಿಯವನು ಹೇಳುವ ಬೆಲೆಯ ಮೇಲಿನ ಸಿಟ್ಟು ಸ್ವಲ್ಪ ಇಳಿಯಬಹುದು!

ಇರಲಿ, ರೋಗಪರೀಕ್ಷೆಗೆ ಬರೋಣ. ಇದಕ್ಕೆ ಯಾರನ್ನೂ ಕರೆಸಬೇಕಾಗಿಲ್ಲ, ಕಾಸು ಖರ್ಚೂ ಇಲ್ಲ. ನಿಮ್ಮ ಮನೆಯಲ್ಲಿ ಅತಿ ಹೆಚ್ಚು ಕೆಲಸ ನಡೆಯುವ ಹೊತ್ತಿನಲ್ಲಿ ಏನೇನು ತೆರೆದಿರುತ್ತೀರೋ ಅಷ್ಟನ್ನೂ ತೆರೆಯಿರಿ: ಬ್ರೌಸರಿನ ಹತ್ತು ಹದಿನೈದು ಪುಟಗಳು, ಮಗನ ಆನ್‌ಲೈನ್ ಪಾಠ, ಲೆಕ್ಕದ ಹಾಳೆ, ಎಲ್ಲ. ವಿಂಡೋಸ್ ಯಂತ್ರವಾದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿಗಳನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ‘ಪರ್ಫಾರ್ಮೆನ್ಸ್’, ಅದರೊಳಗೆ ‘ಮೆಮೊರಿ’. ಬಳಕೆ ನೂರಕ್ಕೆ ಎಂಬತ್ತೈದು ತೊಂಬತ್ತನ್ನು ದಾಟಿ ಅಲ್ಲೇ ನಿಂತಿದ್ದು, ಅದೇ ಹೊತ್ತಿಗೆ ಡಿಸ್ಕಿನ ಗೆರೆಯೂ ನೂರರ ಹತ್ತಿರ ಕುಣಿಯುತ್ತಿದ್ದರೆ ಕಟ್ಟೆ ಸಾಲದೆಂದು ತಿಳಿಯಬಹುದು. ಅಲ್ಲೇ ಕೆಳಗೆ ‘ಕಮಿಟೆಡ್’ ಎಂದು ಎರಡು ಅಂಕಿಗಳಿರುತ್ತವೆ. ಮೊದಲನೆಯದು ನಿಮ್ಮ ಯಂತ್ರದಲ್ಲಿರುವ ರ‍್ಯಾಮಿಗಿಂತ ಬಹಳ ಹೆಚ್ಚಾಗಿದ್ದರೆ ಅದೂ ಇದೇ ಮಾತನ್ನು ಹೇಳುತ್ತಿದೆ.

ಇದಕ್ಕೆ ಬದಲು ರ‍್ಯಾಮಿನ ಬಳಕೆ ನೂರಕ್ಕೆ ಐವತ್ತು ಅರುವತ್ತರಲ್ಲಿದ್ದೂ ಯಂತ್ರ ತೆವಳುತ್ತಿದ್ದರೆ? ಆಗ ರ‍್ಯಾಮ್ ಕೊಳ್ಳಬೇಡಿ. ಅರ್ಧ ಖಾಲಿಯಿರುವ ಕಟ್ಟೆಯನ್ನು ಅಗಲ ಮಾಡಿಸಿದರೆ ಅಡಿಗೆ ಬೇಗ ಆಗದು. ಯಂತ್ರ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿನ ಮೇಲೆ ನಡೆಯುತ್ತಿರಬಹುದು. ಹಾಗಿದ್ದರೆ ಅದೇ ಹಣದಲ್ಲಿ ಒಂದು ಎಸ್.ಎಸ್.ಡಿ. ಹಾಕಿಸಿಕೊಳ್ಳುವುದೇ ಜಾಣತನ, ಒಂದು ದಿನದ ದಾರಿ ಕಾಲು ಗಂಟೆಗೆ ಇಳಿಯುತ್ತದೆಂದು ಆಗಲೇ ಹೇಳಿದೆನಲ್ಲ. ಅಥವಾ ಫ್ಯಾನಿನ ಸುತ್ತ ಧೂಳು ಕಟ್ಟಿ, ಯಂತ್ರ ಕಾದು, ತನ್ನನ್ನು ತಾನೇ ನಿಧಾನಗೊಳಿಸಿಕೊಳ್ಳುತ್ತಿರಬಹುದು. ಧೂಳು ಹೊಡೆಯುವುದಕ್ಕೆ ಗಿಗಾಬೈಟು ಬೇಡ.

ಸರಿ, ರ‍್ಯಾಮೇ ಸಾಲದೆಂದು ಗೊತ್ತಾಯಿತು. ಎಷ್ಟು ಬೇಕು? ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ವಿಂಡೋಸ್ 11 ಕೇಳುವ ಕನಿಷ್ಠ ರ‍್ಯಾಮ್ 4 ಗಿಗಾಬೈಟು. ಈ ಕನಿಷ್ಠವೆಂಬುದು ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿಂತು ಹೋಗುವಂಥದು. ಊರು ಸೇರಬಹುದು, ಸುಖವಿಲ್ಲ. ನಾಲ್ಕರಿಂದ ಎಂಟಕ್ಕೆ ಏರಿಸಿದರೆ ಯಾರಿಗಾದರೂ ವ್ಯತ್ಯಾಸ ಕಾಣುತ್ತದೆ. ಪತ್ರ, ಲೆಕ್ಕ, ಪಾಠ, ಸಿನಿಮಾ ಇಷ್ಟೇ ಇರುವ ಮನೆಗೆ ಎಂಟು ಸಾಕು. ಮಕ್ಕಳು ಇಂಜಿನಿಯರಿಂಗ್ ಓದುತ್ತಿದ್ದರೆ, ವಿಡಿಯೋ ಜೋಡಿಸುವ ಹವ್ಯಾಸವಿದ್ದರೆ, ಒಂದೇ ಸಲಕ್ಕೆ ನಲವತ್ತು ಪುಟ ತೆರೆಯುವ ಅಭ್ಯಾಸವಿದ್ದರೆ ಹದಿನಾರು. ಅದರ ಮೇಲೆ ಮೂವತ್ತೆರಡು ಎಂಬುದು ಅದನ್ನೇ ಕಸುಬಾಗಿ ಮಾಡಿಕೊಂಡವರಿಗೆ. “ಮುಂದಕ್ಕೆ ಬೇಕಾದೀತು” ಎಂದು ಕೊಂಡಿಡುವುದಕ್ಕೆ ಇದು ಒಡವೆಯಲ್ಲ.

ಇನ್ನೊಂದು ವಿಚಾರವನ್ನು ಈ ಹಂತದಲ್ಲೇ ನೋಡಬೇಕು. ಯಂತ್ರದಲ್ಲಿರುವ ವಿಂಡೋಸ್ 32 ಬಿಟ್ಟಿನದೋ 64 ಬಿಟ್ಟಿನದೋ? ಮೂವತ್ತೆರಡು ಬಿಟ್ಟಿನಲ್ಲಿ ಬರೆಯಬಹುದಾದ ವಿಳಾಸಗಳು ಸುಮಾರು 429 ಕೋಟಿ ಮಾತ್ರ. ಅಂದರೆ 4 ಗಿಗಾಬೈಟು. ಮನೆಗಳಲ್ಲಿ ಬಳಸುವ 32 ಬಿಟ್ಟಿನ ವಿಂಡೋಸಿಗೆ ಅದರಾಚೆಗಿನ ಮನೆನಂಬರು ಓದಲು ಬಾರದು. ನೀವು ಹದಿನಾರು ಹಾಕಿಸಿದರೂ ಅದಕ್ಕೆ ಕಾಣುವುದು ನಾಲ್ಕರೊಳಗೇ. ಹಾಗೆಯೇ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬಹಳ ಹಳೆಯ ಯಂತ್ರಗಳಿಗೆ, ಅವುಗಳ ಪ್ರೊಸೆಸರು ಹಳೆಯದೆಂಬ ಕಾರಣಕ್ಕೆ, ವಿಂಡೋಸ್ 11 ಒಪ್ಪಿಗೆಯಿಲ್ಲ. ಎಷ್ಟು ರ‍್ಯಾಮ್ ಸುರಿದರೂ ಆ ಒಪ್ಪಿಗೆ ಸಿಗದು. ಆದರೆ ಅಂಥ ಯಂತ್ರವನ್ನು ಗುಜರಿಗೆ ಹಾಕಬೇಕಾಗಿಯೂ ಇಲ್ಲ. 8 ಗಿಗಾಬೈಟು ರ‍್ಯಾಮ್, ಒಂದು ಎಸ್.ಎಸ್.ಡಿ., ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ, ಇಷ್ಟಾದರೆ ಹತ್ತು ವರ್ಷದ ಯಂತ್ರವೂ ಶಾಲೆಯ ಹುಡುಗನಿಗೆ ಇನ್ನೂ ಕೆಲವು ವರ್ಷ ದುಡಿಯುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ: ಯಾವ ಜಾತಿಯ ರ‍್ಯಾಮ್? ಇದನ್ನು ನಿರ್ಧರಿಸುವವರು ನೀವಲ್ಲ, ಅಂಗಡಿಯವನೂ ಅಲ್ಲ, ಯಂತ್ರದೊಳಗಿರುವ ಮದರ್‌ಬೋರ್ಡು. ಡಿ.ಡಿ.ಆರ್.3, ಡಿ.ಡಿ.ಆರ್.4, ಡಿ.ಡಿ.ಆರ್.5 ಎಂದು ತಲೆಮಾರುಗಳಿವೆ. ಮೂರನೆಯದು 2007ರಲ್ಲಿ, ನಾಲ್ಕನೆಯದು 2014ರಲ್ಲಿ ಪೇಟೆಗೆ ಬಂದುವು. ಐದನೆಯದರ ನಿಯಮಗಳು 2020ರಲ್ಲಿ ಹೊರಬಿದ್ದುವು. ಮೂರನೆಯದು ಒಂದೂವರೆ ವೋಲ್ಟಿನಲ್ಲಿ ನಡೆದರೆ ನಾಲ್ಕನೆಯದಕ್ಕೆ 1.2, ಐದನೆಯದಕ್ಕೆ 1.1 ವೋಲ್ಟು. ಒಂದಕ್ಕೆ ಇನ್ನೊಂದು ಒಗ್ಗುವುದಿಲ್ಲ. ತಪ್ಪಿ ಹಾಕಬಾರದೆಂದೇ ತುಂಡಿನ ಅಂಚಿನಲ್ಲಿ ಒಂದು ಕಚ್ಚು ಮಾಡಿ, ಆ ಕಚ್ಚಿನ ಸ್ಥಾನವನ್ನು ತಲೆಮಾರಿನಿಂದ ತಲೆಮಾರಿಗೆ ಸರಿಸಿದ್ದಾರೆ. ಕೂರದಿದ್ದರೆ ಬಲವಂತ ಮಾಡಬೇಡಿ. ಅದು ಕೂರಬಾರದ್ದು ಎಂದೇ ಕೂರುತ್ತಿಲ್ಲ. ಇದಲ್ಲದೆ ಮೇಜಿನ ಕಂಪ್ಯೂಟರಿನ ತುಂಡು ಉದ್ದ, ಲ್ಯಾಪ್‌ಟಾಪಿನದು ಅದರ ಅರ್ಧದಷ್ಟು. ಇಷ್ಟನ್ನು ಎಲ್ಲರೂ ಬಲ್ಲರು.

ಎಲ್ಲರೂ ಬಲ್ಲದ್ದು ಚೀಟಿಯನ್ನು ಓದುವ ಬಗೆ. ಈಗ ಯಂತ್ರದಲ್ಲಿರುವ ತುಂಡನ್ನು ತೆಗೆದು ನೋಡಿದರೆ ಅದರ ಮೇಲೆ ಒಂದು ಬಿಳಿಯ ಚೀಟಿ ಇರುತ್ತದೆ. ಮೂರನೆಯ ತಲೆಮಾರಿನದಾದರೆ ‘ಪಿಸಿ3ಎಲ್-12800ಎಸ್’ ಎಂಬಂತೆ ಬರೆದಿರುತ್ತಾರೆ. ಇದೇನು ಮಂತ್ರಾಕ್ಷರ ಎಂದು ಹೆದರಬೇಡಿ. ‘ಪಿಸಿ3’ ಎಂದರೆ ಮೂರನೆಯ ತಲೆಮಾರು. ‘ಎಲ್’ ಎಂದರೆ ಒಂದೂವರೆಯ ಬದಲು 1.35 ವೋಲ್ಟಿನಲ್ಲೂ ನಡೆಯುವಂಥದು. 12800 ಎಂಬುದು ವೇಗ. ಸೆಕೆಂಡಿಗೆ ಅಷ್ಟು ಮೆಗಾಬೈಟು. ಅದನ್ನು ಎಂಟರಿಂದ ಭಾಗಿಸಿದರೆ 1600 ಬರುತ್ತದೆ. ಅಂಗಡಿಯಲ್ಲಿ ‘ಸಿಕ್ಸ್‌ಟೀನ್ ಹಂಡ್ರೆಡ್’ ಎನ್ನುವುದು ಇದನ್ನೇ. ಒಂದು ಸಲಕ್ಕೆ ಎಂಟು ಬೈಟು ಸಾಗುತ್ತವೆಯಾದ್ದರಿಂದ ಈ ಎಂಟು. ಕೊನೆಯ ‘ಎಸ್’ ಎಂದರೆ ಲ್ಯಾಪ್‌ಟಾಪಿನ ಗಿಡ್ಡ ತುಂಡು. ಮೇಜಿನ ಯಂತ್ರದ್ದಾದರೆ ಅಲ್ಲಿ ‘ಯು’ ಇರುತ್ತದೆ. ‘ಆರ್’ ಕಂಡರೆ ಅದು ದೊಡ್ಡ ಸಂಸ್ಥೆಗಳ ಸರ್ವರ್ ಯಂತ್ರಗಳಿಗೆ ಮಾಡಿದ್ದು. ನಾಲ್ಕನೆಯ ತಲೆಮಾರಿನ ಚೀಟಿಯಲ್ಲಿ ‘ಪಿಸಿ4-2666’ ಎಂದು ನೇರವಾಗಿಯೇ ಬರೆದಿರುತ್ತಾರೆ, ಭಾಗಿಸುವ ತೊಂದರೆ ಇಲ್ಲ. ‘ಎಸ್’, ‘ಯು’, ‘ಆರ್’ ಅಲ್ಲೂ ಉಂಟು. ಈ ಚೀಟಿಯ ಒಂದು ಫೋಟೋ ನಿಮ್ಮ ಫೋನಿನಲ್ಲಿದ್ದರೆ ಅಂಗಡಿಯಲ್ಲಿ ಅರ್ಧ ಮಾತು ಉಳಿಯುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಂಟೆಲ್ಲಿನ ನಾಲ್ಕನೆಯ ಪೀಳಿಗೆಯ ಪ್ರೊಸೆಸರು, ಎಚ್81 ಎಂಬ ಚಿಪ್‌ಸೆಟ್ಟಿನ ಮದರ್‌ಬೋರ್ಡು, ಒಳಗೆ 4 ಗಿಗಾಬೈಟಿನ ಒಂದು ತುಂಡು. ಹೀಗೆ 2013ರ ತರುವಾಯ ಜೋಡಿಸಿಕೊಂಡ ಮೇಜಿನ ಯಂತ್ರ ನಿಮ್ಮಲ್ಲಿದೆ ಎನ್ನಿ. ಈ ಬೋರ್ಡಿನಲ್ಲಿ ಸ್ಲಾಟು ಎರಡೇ. ಒಂದೊಂದರಲ್ಲಿ ಎಂಟು ಗಿಗಾಬೈಟಿನ ಡಿ.ಡಿ.ಆರ್.3 ತುಂಡು ಹಿಡಿಸೀತು, ಅದಕ್ಕೆ ಮೇಲಿಲ್ಲ, ಒಟ್ಟು ಹದಿನಾರು. ವೇಗ 1600. ಅಂಗಡಿಯಲ್ಲಿ 1866ರ ವೇಗದ್ದನ್ನು ತೋರಿಸಿ ಇನ್ನಷ್ಟು ಹಣ ಕೇಳಿದರೆ ಕೊಡಬೇಡಿ. ಅದೂ ಇಲ್ಲಿ 1600ರಲ್ಲೇ ಓಡುತ್ತದೆ. ಎರಡು ತುಂಡುಗಳ ವೇಗ ಬೇರೆಯಾದಾಗ ಎರಡೂ ನಿಧಾನದ್ದಕ್ಕೆ ಹೊಂದಿಕೊಂಡು ನಡೆಯುತ್ತವೆ, ಜೋಡೆತ್ತುಗಳ ಹಾಗೆ. ‘ಎಲ್’ ಗುರುತಿನ ತುಂಡು ಈ ಬೋರ್ಡಿಗೆ ಆದೀತು. ಆದರೆ ಅದೇ ಕಾಲದ ಹಲವು ಲ್ಯಾಪ್‌ಟಾಪುಗಳಿಗೆ ‘ಎಲ್’ ಇರುವುದೇ ಆಗಬೇಕು, ಇಲ್ಲದ್ದು ಆಗದು.

ಮೂರನೆಯ ತಲೆಮಾರಿನದನ್ನು ದೊಡ್ಡ ತಯಾರಕರು ಹೊಸ ಯಂತ್ರಗಳಿಗೆ ಬಳಸುವುದನ್ನು ಬಿಟ್ಟು ವರ್ಷಗಳಾದುವು. ಹಾಗಾಗಿ ಇದನ್ನು ಹುಡುಕಿಕೊಂಡು ಹೋದವರು ಸೆಕೆಂಡ್ ಹ್ಯಾಂಡ್ ಪೇಟೆಗೆ ಬರುತ್ತಾರೆ. ಬೆಂಗಳೂರಾದರೆ ಎಸ್.ಪಿ. ರಸ್ತೆ, ಬೇರೆ ಊರಾದರೆ ಪೇಟೆಯ ರಿಪೇರಿ ಅಂಗಡಿ, ಇಲ್ಲವೆ ಆನ್‌ಲೈನ್. ಸೆಕೆಂಡ್ ಹ್ಯಾಂಡ್ ಎಂದು ಮೂಗು ಮುರಿಯಬೇಕಾಗಿಲ್ಲ. ರ‍್ಯಾಮಿನಲ್ಲಿ ತಿರುಗುವ, ಸವೆಯುವ ಭಾಗಗಳಿಲ್ಲ. ಒಳ್ಳೆಯ ತುಂಡು ಬಹಳ ಕಾಲ ಬಾಳುತ್ತದೆ. ಆದರೆ ಇಲ್ಲಿ ಎರಡು ಬಲೆಗಳಿವೆ. ಒಂದು, ಸರ್ವರಿನಿಂದ ಬಿಚ್ಚಿದ ‘ಆರ್’ ಗುರುತಿನ ತುಂಡುಗಳು. ಕಚ್ಚು ಅದೇ ಜಾಗದಲ್ಲಿರುವುದರಿಂದ ಡಿ.ಡಿ.ಆರ್.3 ಸ್ಲಾಟಿನಲ್ಲಿ ಅವು ನೆಟ್ಟಗೆ ಕೂರುತ್ತವೆ. ಯಂತ್ರ ಮಾತ್ರ ಏಳುವುದಿಲ್ಲ. ಎರಡನೆಯದು, ‘ಎ.ಎಂ.ಡಿ.ಗೆ ಮಾತ್ರ’ ಎಂದು ಸಣ್ಣ ಅಕ್ಷರದಲ್ಲಿ ಹೇಳಿ ಅಗ್ಗಕ್ಕೆ ಮಾರುವ ತುಂಡುಗಳು. ಇವುಗಳಲ್ಲಿ ಚಿಪ್‌ಗಳ ಜೋಡಣೆ ಬೇರೆ, ಎ.ಎಂ.ಡಿ. ಪ್ರೊಸೆಸರಿನ ಕೆಲವು ಬೋರ್ಡುಗಳು ಒಪ್ಪುತ್ತವೆ, ಇಂಟೆಲ್ ಬೋರ್ಡುಗಳು ಒಪ್ಪುವುದಿಲ್ಲ. ಬೆಲೆ ಮಾತ್ರ ನೋಡಿದವರು ಇವೆರಡರಲ್ಲಿ ಒಂದಕ್ಕೆ ಬೀಳುತ್ತಾರೆ.

ಒಂದು ದೊಡ್ಡ ತುಂಡೋ, ಎರಡು ಸಣ್ಣವೋ ಎಂಬ ಪ್ರಶ್ನೆಯೂ ಬರುತ್ತದೆ. ಹೆಚ್ಚಿನ ಬೋರ್ಡುಗಳಲ್ಲಿ ರ‍್ಯಾಮಿಗೂ ಪ್ರೊಸೆಸರಿಗೂ ನಡುವೆ ಎರಡು ದಾರಿಗಳಿವೆ. ಸಮಾನವಾದ ಎರಡು ತುಂಡುಗಳಿದ್ದರೆ ಎರಡು ದಾರಿಯಲ್ಲೂ ಸಂಚಾರ ನಡೆಯುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲದ ಯಂತ್ರಗಳಲ್ಲಿ ಚಿತ್ರದ ಕೆಲಸವೂ ಇದೇ ರ‍್ಯಾಮಿನಲ್ಲಿ ನಡೆಯುವುದರಿಂದ ಅವುಗಳಿಗೆ ಇದರ ಲಾಭ ಹೆಚ್ಚು. ಆದ್ದರಿಂದ ನಾಲ್ಕರ ಜೊತೆಗೆ ಅದೇ ಬಗೆಯ ಇನ್ನೊಂದು ನಾಲ್ಕು ಒಳ್ಳೆಯ ಜೋಡಿ. ನಾಲ್ಕರ ಜೊತೆಗೆ ಎಂಟು ಹಾಕಿ ಹನ್ನೆರಡು ಮಾಡಿಕೊಂಡರೂ ಸಾಮಾನ್ಯವಾಗಿ ನಡೆಯುತ್ತದೆ. ಸಮಜೋಡಿಯ ವೇಗ ಪೂರ್ತಿ ಸಿಗದು, ಅಷ್ಟೆ. ಬಣ್ಣಬಣ್ಣದ ದೀಪ ಬೆಳಗುವ ತುಂಡುಗಳೂ ಬಂದಿವೆ. ದೀಪ ಬೇಕಾದರೆ ದೀಪದ ಅಂಗಡಿಯಲ್ಲೇ ಕೊಳ್ಳಬಹುದು.

ಲ್ಯಾಪ್‌ಟಾಪಿನವರು ಎಲ್ಲಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಸ್ಲಾಟು ಇದೆಯೇ? ತೆಳುವಾದ ಯಂತ್ರಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಆಪಲ್ ಸಂಸ್ಥೆಯ ಮ್ಯಾಕ್‌ಬುಕ್ಕುಗಳಲ್ಲಿ 2020ರ ಎಂ1ರಿಂದ ಈಚೆಗೆ ರ‍್ಯಾಮ್ ಪ್ರೊಸೆಸರಿನ ಜೊತೆಗೇ ಕೂತುಬಿಟ್ಟಿದೆ. ಇವುಗಳಿಗೆ ಸೇರಿಸುವ ಮಾತೇ ಇಲ್ಲ. ಕೊಳ್ಳುವ ದಿನವೇ ಯೋಚಿಸಿ ಕೊಳ್ಳಬೇಕು. ಟಾಸ್ಕ್ ಮ್ಯಾನೇಜರಿನ ಅದೇ ಮೆಮೊರಿ ಪುಟದಲ್ಲಿ ‘ಸ್ಲಾಟ್ಸ್ ಯೂಸ್ಡ್’ ಎಂಬ ಸಾಲಿದೆ. ‘ಎರಡರಲ್ಲಿ ಒಂದು’ ಎಂದಿದ್ದರೆ ಸಾಮಾನ್ಯವಾಗಿ ಒಂದು ಖಾಲಿ. ‘ಫಾರ್ಮ್ ಫ್ಯಾಕ್ಟರ್’ ಎಂಬಲ್ಲಿ ‘ರೋ ಆಫ್ ಚಿಪ್ಸ್’ ಎಂದು ಕಂಡರೆ ಬೆಸುಗೆ ಹಾಕಿದ್ದೆಂದು ಬಹುಮಟ್ಟಿಗೆ ತಿಳಿಯಬಹುದು. ಅನುಮಾನವಿದ್ದರೆ ಯಂತ್ರದ ಅಡಿಯಲ್ಲಿರುವ ಮಾಡೆಲ್ ನಂಬರನ್ನು ಬರೆದುಕೊಂಡು ತಯಾರಕರ ಕೈಪಿಡಿಯಲ್ಲಿ ನೋಡಿ. ಕಿಂಗ್‌ಸ್ಟನ್ ಮೊದಲಾದ ರ‍್ಯಾಮ್ ತಯಾರಕರ ಜಾಲತಾಣದಲ್ಲೂ ಮಾಡೆಲ್ ನಂಬರು ಕೊಟ್ಟರೆ ಯಾವುದು ಒಗ್ಗುತ್ತದೆಂದು ತಿಳಿಸುತ್ತಾರೆ. ‘ಮನೆಗೆ ಹೋಗಿ ಹಾಕಿ ನೋಡಿ ಸಾರ್’ ಎನ್ನುವ ಅಂಗಡಿಯವನ ಮಾತಿಗಿಂತ ಇದು ಗಟ್ಟಿ.

ಅಂಗಡಿಯಲ್ಲಿ ಕೇಳಬೇಕಾದ್ದು ಎರಡೇ ಮಾತು. “ಒಗ್ಗದಿದ್ದರೆ ಎಷ್ಟು ದಿನದೊಳಗೆ ಹಿಂದಕ್ಕೆ ತೆಗೆದುಕೊಳ್ಳುತ್ತೀರಿ?” ಎಂಬುದು ಒಂದು. ಇನ್ನೊಂದು, ತುಂಡಿನ ಸೀರಿಯಲ್ ನಂಬರು ಬರೆದ ಬಿಲ್ಲು. ಬಿಲ್ಲಿಲ್ಲದೆ ಸ್ವಲ್ಪ ಕಡಿಮೆಗೆ ಕೊಡುತ್ತೇನೆ ಎಂದರೆ, ಆ ಸ್ವಲ್ಪವೇ ನಿಮ್ಮ ವಾರಂಟಿಯ ಬೆಲೆ.

ಹಾಕುವ ಕೆಲಸ ಕಷ್ಟದ್ದಲ್ಲ. ಮೇಜಿನ ಯಂತ್ರವಾದರೆ ಹತ್ತು ನಿಮಿಷ. ಯಂತ್ರ ಆರಿಸಿ ಪ್ಲಗ್ಗನ್ನು ಕಳಚಿ. ಲ್ಯಾಪ್‌ಟಾಪಾದರೆ ಬ್ಯಾಟರಿಯ ಸಂಪರ್ಕವನ್ನೂ ತಪ್ಪಿಸಬೇಕು. ಬಿಚ್ಚಿದರೆ ವಾರಂಟಿ ಹೋಗುವ ಹೊಸ ಯಂತ್ರವಾದರೆ ಅದನ್ನು ಸರ್ವೀಸ್ ಸೆಂಟರಿಗೇ ಒಯ್ಯುವುದು ಲೇಸು. ಒಣಹವೆಯ ದಿನಗಳಲ್ಲಿ ನೈಲಾನ್ ಬಟ್ಟೆ ಉಟ್ಟು ಈ ಕೆಲಸಕ್ಕೆ ಕೂರಬೇಡಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ವಿದ್ಯುತ್ತನ್ನು ಅಲ್ಲಿ ಬಿಟ್ಟು, ಆಮೇಲೆ ತುಂಡನ್ನು ಅಂಚಿನಿಂದ ಹಿಡಿಯಿರಿ. ಚಿನ್ನದ ಬಣ್ಣದ ಹಲ್ಲುಗಳಿಗೆ ಬೆರಳು ತಾಕದಿರಲಿ. ಕಚ್ಚನ್ನು ಹೊಂದಿಸಿ ಎರಡು ತುದಿಗಳನ್ನೂ ಸಮವಾಗಿ ಒತ್ತಿದರೆ ಕೊಂಡಿ ‘ಟಕ್’ ಎಂದು ಬೀಳುತ್ತದೆ. ಲ್ಯಾಪ್‌ಟಾಪಿನ ತುಂಡನ್ನು ಓರೆಯಾಗಿ ತೂರಿಸಿ ಆಮೇಲೆ ಕೆಳಕ್ಕೆ ಒತ್ತಬೇಕು. ಯಂತ್ರ ಏಳದೆ ಬೀಪ್ ಬೀಪ್ ಎಂದರೆ ಗಾಬರಿ ಬೇಡ. ಪ್ಲಗ್ಗು ಕಳಚಿ, ತೆಗೆದು ಮತ್ತೆ ಕೂರಿಸಿ. ಹಳೆಯ ತುಂಡಿನ ಹಲ್ಲುಗಳಿಗೆ ಕಿಲುಬು ಕೂತಿದ್ದರೆ ಬಿಳಿಯ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಪುಡಿ ಒರೆಸಿ ಹಾಕುವುದು ನಮ್ಮ ರಿಪೇರಿ ಅಂಗಡಿಗಳ ಹಳೆಯ ಉಪಾಯ. ಎಷ್ಟೋ ಸತ್ತ ಯಂತ್ರಗಳು ಅಷ್ಟರಿಂದಲೇ ಎದ್ದು ಕೂತಿವೆ. ಐದನೆಯ ತಲೆಮಾರಿನ ರ‍್ಯಾಮ್ ಹಾಕಿದವರು ಮಾತ್ರ ಮೊದಲ ಸಲ ಕೆಲವು ನಿಮಿಷ ಕಪ್ಪು ತೆರೆಯನ್ನೇ ನೋಡುತ್ತ ತಾಳ್ಮೆಯಿಂದಿರಬೇಕು. ಯಂತ್ರ ಹೊಸ ತುಂಡಿನ ನಡವಳಿಕೆಯನ್ನು ಅಳೆದುಕೊಳ್ಳುತ್ತಿರುತ್ತದೆ. ಆಗ ಸ್ವಿಚ್ಚು ಆರಿಸಬೇಡಿ.

ಯಂತ್ರ ಎದ್ದ ಮೇಲೆ ಹೊಸ ಲೆಕ್ಕ ಸರಿಯಾಗಿ ಕಾಣುತ್ತದೆಯೇ ನೋಡಿ. ಅಂದೇ ರಾತ್ರಿ ವಿಂಡೋಸಿನಲ್ಲೇ ಇರುವ ‘ಮೆಮೊರಿ ಡಯಗ್ನೋಸ್ಟಿಕ್’ ಪರೀಕ್ಷೆಯನ್ನು ಓಡಿಸಿ ಮಲಗಿ. ಒಂದು ದೋಷ ತೋರಿಸಿದರೂ ಆ ತುಂಡನ್ನು ಹಿಂದಕ್ಕೆ ಕೊಡಬೇಕು. ಕೆಟ್ಟ ರ‍್ಯಾಮ್ ಒಂದೊಂದು ದಿನ ಸುಮ್ಮನಿದ್ದು ಇನ್ನೊಂದು ದಿನ ನಿಮ್ಮ ಕಡತವನ್ನು ಹಾಳುಮಾಡೀತು. ಹಳೆಯ ತುಂಡನ್ನು ತೆಗೆದಿದ್ದರೆ ಹೊಸದು ಬಂದ ಚೀಲದಲ್ಲೇ ಹಾಕಿ ಎರಡು ವಾರವಾದರೂ ಜೋಪಾನವಾಗಿಡಿ. ಅಂಗಡಿಯವನು ವಾಪಸು ತೆಗೆದುಕೊಳ್ಳುವ ಗಡುವು ತೀರುವ ಮುನ್ನ, ಅತಿ ಹೆಚ್ಚು ಕೆಲಸದ ಹೊತ್ತಿನಲ್ಲಿ, ಅದೇ ಮೂರು ಕೀಲಿಗಳನ್ನು ಇನ್ನೊಮ್ಮೆ ಒತ್ತಿ ಆ ಗೆರೆ ಎಲ್ಲಿ ನಿಂತಿದೆಯೆಂದು ನೋಡಿ.